ಪಾಠಕ್ಕೆ ಬಿಜಿಎಂ ಯಾಕೆ ಸ್ವಾಮಿ?

ಆನ್‌ಲೈನ್ ಪಾಠ ಶುರುವಾಗುವುದೇ ಹೀರೋ ಎಂಟ್ರಿಯಂಥ ಮ್ಯೂಸಿಕ್ಕಿನಿಂದ. ಅಲ್ಲಿಗೇ ನಿಂತರೆ ಸರಿ. ಮೇಷ್ಟ್ರು ಓಮ್‌ನ ನಿಯಮ ವಿವರಿಸುತ್ತಿದ್ದರೂ ಹಿಂದೆ ಪಿಯಾನೊ ಟಿಂಗ್ ಟಿಂಗ್. ಸ್ಲೈಡ್ ಬದಲಾದರೆ ‘ವುಶ್’, ಉತ್ತರ ಬಂದರೆ ‘ಠಣ್’.

ಇದರಿಂದ ಆಸಕ್ತಿ ಹುಟ್ಟುತ್ತದಂತೆ. ಹುಟ್ಟಲಿ, ಕಲಿಕೆಯ ಕಥೆ? ಅಮೆರಿಕದ ಮೊರೆನೊ ಮತ್ತು ಮೇಯರ್ 2000ದಲ್ಲೇ ಪ್ರಯೋಗ ಮಾಡಿ ಪ್ರಕಟಿಸಿದ್ದಾರೆ. ಮಿಂಚು ಹೇಗೆ ಹುಟ್ಟುತ್ತದೆ ಎಂಬ ಸಣ್ಣ ಅನಿಮೇಷನ್ ಪಾಠ. ಸಂಗೀತ, ಸದ್ದು ಎರಡನ್ನೂ ಬೆರೆಸಿದ ಪಾಠ ನೋಡಿದವರಿಗಿಂತ ಬರೀ ವಿವರಣೆ ಕೇಳಿದವರಿಗೇ ಹೆಚ್ಚು ನೆನಪಿತ್ತು. ಹೊಸ ಪ್ರಶ್ನೆ ಬಿಡಿಸುವುದರಲ್ಲೂ ಅವರೇ ಮುಂದು.

ನಮ್ಮ ಹಳ್ಳಿಗಳಲ್ಲಿ ಪಾಠ ಕೇಳುವುದು ದುಬಾರಿ ಹೆಡ್‌ಫೋನಿನಲ್ಲಲ್ಲ. ಅಪ್ಪನ ಮೊಬೈಲಿನ ಸ್ಪೀಕರು, ಒಳಗೆ ಕುಕ್ಕರ್ ಸೀಟಿ, ಹೊರಗೆ ಟ್ರ್ಯಾಕ್ಟರು. ಮೇಷ್ಟ್ರ ದನಿಯೇ ಅರ್ಧ ಕೇಳುತ್ತೆ. ಕಿವಿ ಮಂದವಿರುವ ಮಗುವಿನ ಪಾಡು ಕೇಳಲೇಬೇಡಿ. ಇಂಥವರಿಗಾಗಿಯೇ ಡಬ್ಲ್ಯುಸಿಎಜಿ ಎಂಬ ಅಂತಾರಾಷ್ಟ್ರೀಯ ವೆಬ್ ಮಾರ್ಗಸೂಚಿಯ ಅತ್ಯುನ್ನತ ಹಂತದಲ್ಲಿ ಒಂದು ನಿಯಮವಿದೆ: ಹಿನ್ನೆಲೆ ಸದ್ದು ಮಾತಿಗಿಂತ ಕನಿಷ್ಠ 20 ಡೆಸಿಬೆಲ್ ಕೆಳಗಿರಬೇಕು, ಇಲ್ಲವೇ ಅದನ್ನು ಆಫ್ ಮಾಡಲು ಬರಬೇಕು.

ಹಕ್ಕಿಗಳ ಪಾಠಕ್ಕೆ ಕೂಗು ಹಾಕಿ, ತಾಳದ ಪಾಠಕ್ಕೆ ತಬಲಾ ಬಾರಿಸಿ, ಬೇಡ ಅಂದವರ್ಯಾರು? ಓಮ್‌ಗೆ ಪಿಯಾನೊ ಯಾಕೆ? ಸಾವಿರಗಟ್ಟಲೆ ಫೀಸು ಕಟ್ಟಿಸಿಕೊಳ್ಳುವ ಕಂಪನಿಗಳು ಅದನ್ನು ಕಿತ್ತುಹಾಕಲಿ. ಆಗದಿದ್ದರೆ ಒಂದು ಬಟನ್ ಆದರೂ ಕೊಡಲಿ: ಮ್ಯೂಸಿಕ್ ಆಫ್.