ನಾಲ್ಕು ಗೇಟುಗಳ ಲೆಕ್ಕ

ಬೆಂಗಳೂರಿನಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಈಗ ಪಿಯುಸಿ ಓದುವ ಮಗಳ ತಂದೆ, ಈಚೆಗೆ ಹೀಗೊಂದು ಪ್ರಶ್ನೆ ಕಳುಹಿಸಿದ್ದಾನೆ: “ಮೇಷ್ಟ್ರೇ, ಭೌತಶಾಸ್ತ್ರದ ಪುಸ್ತಕದಿಂದ ಲಾಜಿಕ್ ಗೇಟುಗಳ ಪಾಠ ತೆಗೆದರಂತೆ. ಮಕ್ಕಳಿಗೆ ಹೊರೆ ಇಳಿಯಿತು, ಒಳ್ಳೆಯದೇ ಅಲ್ಲವೆ?” ಅಲ್ಲ ಎಂಬುದು ನನ್ನ ಉತ್ತರ. ಏಕೆಂಬುದನ್ನು ಮಿಂಚಂಚೆಯ ಎರಡು ಸಾಲಿನಲ್ಲಿ ಹೇಳಲಾಗದೆ ಇಲ್ಲಿ ಬರೆಯುತ್ತಿದ್ದೇನೆ.

ಪಠ್ಯಭಾರ ಇಳಿಸುವ ಹೆಸರಿನಲ್ಲಿ ಎನ್‌ಸಿಇಆರ್‌ಟಿ 2022ರಲ್ಲಿ ಹನ್ನೆರಡನೆಯ ತರಗತಿಯ ಭೌತಶಾಸ್ತ್ರದಿಂದ ಲಾಜಿಕ್ ಗೇಟುಗಳನ್ನು ಕೈಬಿಟ್ಟಿತು. ಆದರೆ 2024ರ ನೀಟ್ ಪಠ್ಯಕ್ರಮದಲ್ಲಿ ಅವೇ ಗೇಟುಗಳು ಹಾಗೆಯೇ ಉಳಿದಿದ್ದವು. ಪಾಠ ಹೋಯಿತು, ಪ್ರಶ್ನೆ ಉಳಿಯಿತು! ಇದರಿಂದ ಹೊರೆ ಇಳಿದದ್ದು ಯಾರಿಗೆ? ತರಗತಿಯಲ್ಲಿ ಕೇಳದ ವಿಷಯವನ್ನು ಮಕ್ಕಳು ದುಡ್ಡು ತೆತ್ತು ಕೋಚಿಂಗ್ ಕೇಂದ್ರಗಳಲ್ಲಿ ಬಾಯಿಪಾಠ ಮಾಡಬೇಕು, ಅಷ್ಟೆ.

ಪಾಠವಿದ್ದ ಕಾಲದಲ್ಲಿ ಎಲ್ಲವೂ ಸರಿಯಾಗಿತ್ತೆಂದು ನಾನು ಹೇಳುತ್ತಿಲ್ಲ. “ನ್ಯಾಂಡ್ ಮತ್ತು ನಾರ್ ಸಾರ್ವತ್ರಿಕ ಗೇಟುಗಳು” ಎಂದು ಬರೆದರೆ ಒಂದು ಅಂಕ. ಮೂರು ಚಿತ್ರ ಬಿಡಿಸಿದರೆ ಮತ್ತೆ ಮೂರು. ಜಗತ್ತಿನ ಯಾವ ಗಣಕವನ್ನಾದರೂ ಒಂದೇ ಬಗೆಯ ಇಟ್ಟಿಗೆಯಿಂದ ಕಟ್ಟಬಹುದೆಂಬ ಬೆರಗಿನ ಸಂಗತಿಯನ್ನು ಇಷ್ಟು ನೀರಸವಾಗಿ ಹೇಳುವುದಕ್ಕೂ ಒಂದು ಪ್ರತಿಭೆ ಬೇಕು.

ನ್ಯಾಂಡ್ ಗೇಟಿನ ಸ್ವಭಾವ ಸರಳ. ಎರಡು ಇನ್‌ಪುಟ್‌ಗಳೂ 1 ಆದಾಗ ಮಾತ್ರ ಅದು 0 ಕೊಡುತ್ತದೆ. ಉಳಿದಂತೆ ಯಾವಾಗಲೂ 1. ಎರಡು ಇನ್‌ಪುಟ್‌ಗಳನ್ನು ಒಂದಕ್ಕೊಂದು ಜೋಡಿಸಿದರೆ ಅದೇ ನಾಟ್ ಗೇಟ್. ಅದರ ಮುಂದೆ ಇಂಥ ಒಂದು ನಾಟ್ ಸೇರಿಸಿದರೆ ಆಂಡ್. ಎರಡು ಇನ್‌ಪುಟ್‌ಗಳನ್ನೂ ಮೊದಲೇ ತಿರುಗುಮುರುಗು ಮಾಡಿ ಕೊಟ್ಟರೆ ಆರ್. ಅಂದರೆ ಕ್ರಮವಾಗಿ ಒಂದು, ಎರಡು, ಮೂರು ನ್ಯಾಂಡ್‌ಗಳು. ಕಂಠಪಾಠದವರು ಇಲ್ಲಿಗೆ ನಿಲ್ಲುತ್ತಾರೆ. ನಿಜವಾದ ಪಾಠ ಶುರುವಾಗುವುದೇ ಇಲ್ಲಿಂದ.

ಮೆಟ್ಟಿಲ ಕೆಳಗೊಂದು, ಮೇಲೊಂದು ಸ್ವಿಚ್ಚಿರುವ ದೀಪವನ್ನು ನೆನೆಯಿರಿ. ಯಾವ ಸ್ವಿಚ್ಚು ಒತ್ತಿದರೂ ದೀಪದ ಸ್ಥಿತಿ ಬದಲಾಗುತ್ತದೆ. ಎಕ್ಸಾರ್ ಗೇಟ್ ಇದೇ: ಇನ್‌ಪುಟ್‌ಗಳು ಬೇರೆ ಬೇರೆಯಾದಾಗ ಮಾತ್ರ 1. ಇದಕ್ಕೆ ಎರಡು ನಾಟ್, ಎರಡು ಆಂಡ್, ಒಂದು ಆರ್ ಬೇಕು. ಮೇಲಿನ ಲೆಕ್ಕದಂತೆ ಬದಲಿಸುತ್ತ ಹೋದರೆ ಒಂಬತ್ತು ನ್ಯಾಂಡ್‌ಗಳಾಗುತ್ತವೆ. ಚಿತ್ರವನ್ನು ದಿಟ್ಟಿಸಿ ನೋಡುವ ಹುಡುಗಿಗೆ, ಎರಡು ಕಡೆ ಒಂದರ ಹಿಂದೊಂದು ಎರಡೆರಡು ನಾಟ್‌ಗಳು ನಿಂತಿರುವುದು ಕಾಣುತ್ತದೆ. ಅಲ್ಲ ಎಂಬುದಕ್ಕೆ ಮತ್ತೊಮ್ಮೆ ಅಲ್ಲ ಎಂದರೆ ಹೌದೇ ಆಯಿತಲ್ಲ. ಆ ನಾಲ್ಕನ್ನೂ ಕಿತ್ತುಹಾಕಿದರೆ ಉಳಿಯುವುದು ಐದು. ಇನ್ನಷ್ಟು ಹೊತ್ತು ಕೂತವಳಿಗೆ ನಾಲ್ಕೇ ಸಾಕೆಂದು ಹೊಳೆಯುತ್ತದೆ: ಮೊದಲ ನ್ಯಾಂಡಿನ ಫಲವನ್ನೇ ಎರಡೂ ಕಡೆಗೆ ಹಂಚಿಬಿಟ್ಟರೆ ಪ್ರತ್ಯೇಕ ನಾಟ್‌ಗಳೇ ಬೇಡ. ಒಂಬತ್ತರಿಂದ ನಾಲ್ಕಕ್ಕೆ ಇಳಿಯುವ ಈ ಹಾದಿಯಲ್ಲಿ ಬುದ್ಧಿಗೆ ಆಗುವ ವ್ಯಾಯಾಮವನ್ನು ಯಾವ ಗೈಡ್ ಪುಸ್ತಕ ಕೊಟ್ಟೀತು?

“ಇಂದು ಯಾರು ಒಂದೇ ಗೇಟಿನಿಂದ ಕಟ್ಟುತ್ತಾರೆ? ತಂತ್ರಾಂಶವೇ ನೂರಾರು ಬಗೆಯ ಘಟಕಗಳನ್ನು ಆರಿಸಿ ಜೋಡಿಸುತ್ತದೆ” ಎನ್ನುವವರಿದ್ದಾರೆ. ಮಾತು ನಿಜ. ಆದರೆ ಆ ಘಟಕಗಳ ಒಳಗೂ ಒಮ್ಮೆ ಇಣುಕಬೇಕು. ಸೀಮಾಸ್ ಚಿಪ್ಪುಗಳಲ್ಲಿ ನ್ಯಾಂಡಿಗೆ ನಾಲ್ಕು ಟ್ರಾನ್ಸಿಸ್ಟರ್ ಸಾಕು. ಆಂಡ್‌ಗೆ ಆರು ಬೇಕು, ಏಕೆಂದರೆ ಅಲ್ಲಿ ಆಂಡ್ ಎಂದರೆ ನ್ಯಾಂಡಿನ ಮುಂದೊಂದು ನಾಟ್. ಆಂಡ್ ಮೊದಲು, ನ್ಯಾಂಡ್ ಅದರ ಕೂಸು ಎಂದು ಕಲಿಸುವ ನಮ್ಮ ಪುಸ್ತಕಗಳ ಕ್ರಮಕ್ಕೆ ಇದು ಪೂರ್ತಿ ತಲೆಕೆಳಗು.

ಇನ್ನು ಚಂದ್ರಯಾತ್ರೆಯ ವಿಚಾರ. 1969ರಲ್ಲಿ ಮನುಷ್ಯರನ್ನು ಚಂದ್ರನ ಮೇಲಿಳಿಸಿದ ಅಪೊಲೊ ನೌಕೆಯ ಗಣಕದ ತರ್ಕಭಾಗವನ್ನು ಎಂಐಟಿಯ ಪ್ರಯೋಗಾಲಯದವರು ಕಟ್ಟಿದ್ದು ಒಂದೇ ಬಗೆಯ ಗೇಟಿನಿಂದ, ನ್ಯಾಂಡಿನ ಸೋದರಿಯಾದ ಮೂರು ಇನ್‌ಪುಟ್‌ಗಳ ನಾರ್‌ನಿಂದ. ಒಂದು ಚಿಪ್ಪಿನಲ್ಲಿ ಎರಡರಂತೆ ಸುಮಾರು 5,600 ಗೇಟುಗಳು. ಬೇರೆ ಬೇರೆ ಬಗೆಯವನ್ನು ಬಳಸಿದ್ದರೆ ಸಂಖ್ಯೆ ಕಡಿಮೆಯಾಗುತ್ತಿತ್ತು. ಆದರೂ ಒಂದೇ ಬಿಡಿಭಾಗವನ್ನು ಸಾವಿರಗಟ್ಟಲೆ ತರಿಸಿ, ಕಟ್ಟುನಿಟ್ಟಾಗಿ ಪರೀಕ್ಷಿಸಿ, ಅದರ ದೋಷಗಳನ್ನೆಲ್ಲ ಅರಿತುಕೊಳ್ಳುವುದು ಸುರಕ್ಷಿತವೆಂದು ಅವರು ಎಣಿಸಿದರು. ಇದನ್ನು ಒಂದು ಅಂಕದ ಪ್ರಶ್ನೆಯನ್ನಾಗಿ ಮಾಡಿದವರಿಗೆ, ಕೊನೆಗೆ ಅದನ್ನೂ ಅಳಿಸಿದವರಿಗೆ ಏನೆನ್ನೋಣ!

ಆದ್ದರಿಂದ, ಅಯ್ಯಾ, ಪುಸ್ತಕಕ್ಕಾಗಿ ಕಾಯಬೇಡ. ಮಗಳನ್ನು ಎಸ್.ಪಿ. ರಸ್ತೆಗೆ ಕರೆದುಕೊಂಡು ಹೋಗಿ 74ಎಚ್‌ಸಿ00 ಎಂಬ ಚಿಪ್ಪು ಕೇಳು. ಹೋಟೆಲಿನ ಒಂದು ತಿಂಡಿಗಿಂತ ಅಗ್ಗ. ಒಂದು ಬ್ರೆಡ್‌ಬೋರ್ಡ್, ಒಂದು ಎಲ್‌ಇಡಿ, ಅದಕ್ಕೆ ಒಂದು ಕಿಲೋಓಮ್‌ನ ರೋಧಕ, ಸಾಲಾಗಿ ಜೋಡಿಸಿದ ಮೂರು ಪೆನ್ಸಿಲ್ ಸೆಲ್ಲುಗಳು ಸಾಕು. ಹದಿನಾಲ್ಕನೆಯ ಕಾಲಿಗೆ ಧನ, ಏಳನೆಯದಕ್ಕೆ ಋಣ. ಇನ್‌ಪುಟ್ ತಂತಿಗಳನ್ನು ಧನಕ್ಕೋ ಋಣಕ್ಕೋ ಸಿಕ್ಕಿಸಬೇಕು, ಸುಮ್ಮನೆ ತೇಲಲು ಬಿಡಬಾರದು. ಚಿಪ್ಪಿನೊಳಗೆ ಇರುವುದು ಸರಿಯಾಗಿ ನಾಲ್ಕೇ ನ್ಯಾಂಡ್‌ಗಳು. ಆ ಮೆಟ್ಟಿಲ ದೀಪವನ್ನು ಅವಳೇ ಹೊತ್ತಿಸಲಿ. ಎಷ್ಟು ಹೊತ್ತು ಹಿಡಿಯಿತೆಂದು ನನಗೆ ಬರೆ. ನಡುವೆ ನೀನು ಹೇಳಿಕೊಡಬೇಡ.