ಪಾನಕ ಕುಡಿದವರಿಗೆ ಒಂದು ಮಾತು

2025ರಲ್ಲಿ ರಾಮನವಮಿ ಏಪ್ರಿಲ್ 6ರ ಭಾನುವಾರ ಬಂದಿತ್ತು. ಶನಿವಾರ ಸಂಜೆ ಒಂದು ಕಚೇರಿ, ಭಾನುವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಪೂಜೆ ಮತ್ತು ಮೂವತ್ತೈದು ಮಂದಿಗೆ ಊಟ, ಸಂಜೆ ಮತ್ತೊಂದು ಕಚೇರಿ. ಬೆಂಗಳೂರಿನ ಸಂಗೀತಪ್ರಿಯನಿಗೆ ಇದಕ್ಕಿಂತ ಭಾಗ್ಯ ಬೇರೆ ಯಾವುದುಂಟು? ಊಟವಾದ ಮೇಲೆ ನಡುಮನೆಯ ಗೋಡೆಗೆ ಒರಗಿ ಎಲೆಯಡಿಕೆ ಮೆಲ್ಲುತ್ತಿದ್ದ ಮಿತ್ರರೊಬ್ಬರು ಒಂದು ಮಾತು ಹೇಳಿದರು: “ಹೆಂಗಸರಿಗೆ ಈ ರಾಗ, ತಾನ, ಪಲ್ಲವಿ ಎಲ್ಲ ರುಚಿಸುವುದಿಲ್ಲ ಸಾರ್. ಬೇಕಾದರೆ ನೋಡಿ, ದೇವರನಾಮ ಶುರುವಾಗುವ ಹೊತ್ತಿಗೆ ಸರಿಯಾಗಿ ಬಂದು ಕೂರುತ್ತಾರೆ.” ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದವರಿಗೆ ಎದುರಾಡಬಾರದು ಎಂಬುದು ನಾನು ಆಮೇಲೆ ಹುಡುಕಿಕೊಂಡ ನೆಪ. ಆ ಗಳಿಗೆಯಲ್ಲಿ ಮಾತು ಸರಿಯೆಂದೇ ತೋರಿತ್ತು. ಅವರಿಗೆ ಕೊಡಬೇಕಾಗಿದ್ದ ಉತ್ತರವನ್ನು ಈಗ ಇಲ್ಲಿ ಬರೆಯುತ್ತಿದ್ದೇನೆ. ಈ ಪುಟವನ್ನು ಅವರು ತಪ್ಪದೆ ಓದುತ್ತಾರೆ.

ಮಿತ್ರರು ಕಂಡದ್ದು ಸುಳ್ಳಲ್ಲ. ಹೆಂಗಸರಲ್ಲಿ ಅನೇಕರು ತಡವಾಗಿಯೇ ಬರುತ್ತಾರೆ. ಏಕೆ ಎಂಬುದನ್ನು ಮಾತ್ರ ಅವರು ಕೇಳಲಿಲ್ಲ. ಇಂದಿನ ಕಚೇರಿಯ ಕ್ರಮವನ್ನು ರೂಪಿಸಿದವರು ಅರಿಯಾಕುಡಿ ರಾಮಾನುಜ ಅಯ್ಯಂಗಾರರು (1890–1967) ಎಂದು ಬಲ್ಲವರು ಹೇಳುತ್ತಾರೆ. ಮೊದಲಿಗೆ ವರ್ಣ, ಆಮೇಲೆ ಚುರುಕಾದ ಕೆಲವು ಕೃತಿಗಳು, ನಡುವೆ ವಿಸ್ತಾರವಾದ ದೊಡ್ಡ ಕೃತಿ ಅಥವಾ ಪಲ್ಲವಿ, ತನಿ ಆವರ್ತನ, ಕೊನೆಗೆ ದೇವರನಾಮ, ತಿಲ್ಲಾನ. ಇದರ ಪಕ್ಕದಲ್ಲಿ ಆ ದಿನದ ನಮ್ಮ ಮನೆಯ ಕ್ರಮವನ್ನು ಇಟ್ಟು ನೋಡಿ. ಅಲ್ಲಿ ವರ್ಣ ನಡೆಯುತ್ತಿದ್ದಾಗ ಇಲ್ಲಿ ನನ್ನ ಮನೆಯಾಕೆ ತಡವಾಗಿ ಬಂದ ಎರಡು ಸಂಸಾರಗಳಿಗೆ ಕಾಫಿ ಬೆರೆಸುತ್ತಿದ್ದಳು. ಅಲ್ಲಿ ಕಾಂಭೋಜಿ ಏರುತ್ತಿದ್ದಾಗ ಇಲ್ಲಿ ಮಿಕ್ಕ ಹುಳಿಯನ್ನು ದೊಡ್ಡ ಪಾತ್ರೆಯಿಂದ ಚಿಕ್ಕದಕ್ಕೆ ಬಗ್ಗಿಸುತ್ತಿದ್ದಳು. ಅಲ್ಲಿ ಮೃದಂಗ ಮತ್ತು ಘಟಗಳ ತನಿ. ಇಲ್ಲಿ ಕೊಳಗ ಮತ್ತು ಕೊಪ್ಪರಿಗೆಗಳ ತನಿ. ಗಂಡಸರಾದ ನಾವು ಆರು ಗಂಟೆಗೇ ಹೊರಟುಬಿಟ್ಟಿದ್ದೆವು. “ನೀನು ಹಿಂದಿನಿಂದ ಬಾ” ಎಂದು ಹೇಳಿ ಹೊರಟಿದ್ದೆ. ಹದಿನೆಂಟು ವರ್ಷಗಳ ದಾಂಪತ್ಯದಲ್ಲಿ ಈ ವಾಕ್ಯವನ್ನು ಎಷ್ಟು ಸಲ ಹೇಳಿದ್ದೇನೆಂದು ಲೆಕ್ಕವಿಲ್ಲ.

ಇನ್ನೊಂದು ಮಾತು. ತನಿ ಆವರ್ತನ ಶುರುವಾದೊಡನೆ ಚಪ್ಪರದಿಂದ ಎದ್ದು ಕಾಫಿಯ ಕಡೆಗೆ ಹೋಗುವವರು ಯಾರು? ಆ ಸಂಜೆ ಎದ್ದುಹೋದವರಲ್ಲಿ ನಮ್ಮ ಈ ಮಿತ್ರರೂ ಇದ್ದರು. ಅವರೊಡನೆ ನಾನೂ ಇದ್ದೆ.

ಆಕೆ ಬಂದದ್ದು ಎಂಟೂವರೆಗೆ. ಹಿಂದೆ, ಚಪ್ಪಲಿಗಳ ರಾಶಿಯ ಹತ್ತಿರ ಸಿಕ್ಕ ಜಾಗದಲ್ಲಿ ಕುಳಿತಳು. ಎರಡು ದೇವರನಾಮ, ಒಂದು ತಿಲ್ಲಾನ, ಮಂಗಳ. ಹಿಂದಿರುಗುವಾಗ ಆಟೋದಲ್ಲಿ ಕೇಳಿದಳು: “ಪಲ್ಲವಿ ಯಾವ ರಾಗ?” “ಕಾಂಭೋಜಿ” ಎಂದೆ, ಜಂಬದಿಂದ. “ತಾಳ?” ನಾನು ಸುಮ್ಮನಿದ್ದೆ. “ಸಮಕ್ಕೇ ಎತ್ತಿಕೊಂಡರೋ, ಬಿಟ್ಟು ಎತ್ತಿಕೊಂಡರೋ? ಮೂರು ಕಾಲದಲ್ಲೂ ಹಾಡಿದರಾ?” ನನಗೆ ಗೊತ್ತಿರಲಿಲ್ಲ. ಎರಡು ಗಂಟೆ ಮುಂದಿನ ಸಾಲಿನಲ್ಲಿ ಕುಳಿತು ತಲೆದೂಗಿದವನು ನಾನು. ಕೇಳಬೇಕಾದ ಪ್ರಶ್ನೆ ಯಾವುದೆಂದು ಗೊತ್ತಿದ್ದವಳು ಪಾತ್ರೆ ತೊಳೆಯುತ್ತಿದ್ದಳು. ಮದುವೆಗೆ ಮುಂಚೆ ಆಕೆ ಹನ್ನೊಂದು ವರ್ಷ ವೀಣೆ ಕಲಿತವಳು. ಸಂಗೀತದಲ್ಲಿ ನನ್ನ ಯೋಗ್ಯತೆಯೆಂದರೆ ರಾಗದ ಹೆಸರನ್ನು ಪಕ್ಕದವರಿಗಿಂತ ಮೊದಲು ಪಿಸುಗುಟ್ಟುವಷ್ಟು. “ಹಬ್ಬದ ದಿನ ಪಲ್ಲವಿಯನ್ನು ಮೊದಲಿಂದ ಕೇಳಿ ಎಷ್ಟು ವರ್ಷ ಆಯಿತು?” ಎಂದು ಕೇಳಿದೆ. “ಮದುವೆಗೆ ಮುಂಚೆ” ಎಂದಳು. ದೂರುವ ದನಿಯೇನೂ ಇರಲಿಲ್ಲ. ನಾಳೆ ಹಾಲಿನವನಿಗೆ ಎಷ್ಟು ಹೇಳಬೇಕೆಂದು ವಿಚಾರಿಸುವ ದನಿಯೇ ಅದು.

ಬೇರೆ ಹಬ್ಬಗಳ ಮಾತು ಹೇಗೇ ಇರಲಿ, ರಾಮನವಮಿಯಲ್ಲಿ ಹೀಗಾಗುವುದು ದೊಡ್ಡ ವಿಪರ್ಯಾಸ. ನಮ್ಮ ಹಿರಿಯರು ಈ ಹಬ್ಬಕ್ಕೆ ಗೊತ್ತುಮಾಡಿದ ತಿನಿಸುಗಳನ್ನು ನೆನೆಯಿರಿ: ಪಾನಕ, ನೀರುಮಜ್ಜಿಗೆ, ಕೋಸಂಬರಿ. ಬೆಲ್ಲವನ್ನು ನೀರಿನಲ್ಲಿ ಕರಗಿಸಿ ಶೋಧಿಸಿ, ಏಲಕ್ಕಿ, ಶುಂಠಿ, ಮೆಣಸು ಹಾಕಿದರೆ ಪಾನಕ. ಬೇಲದ ಹಣ್ಣು ಸಿಕ್ಕಿದರೆ ಇನ್ನೂ ಮೇಲು. ಹೆಸರುಬೇಳೆ ನೆನೆಯುವುದು ತನ್ನಷ್ಟಕ್ಕೆ ತಾನೇ. ಸೌತೆಕಾಯಿ ಹೆಚ್ಚಿ, ಕಾಯಿ ತುರಿದು, ಒಂದು ಒಗ್ಗರಣೆ ಕೊಟ್ಟರೆ ಮುಗಿಯಿತು. ಚೈತ್ರದ ಬಿಸಿಲಿನಲ್ಲಿ ಒಲೆಯ ಮುಂದೆ ಹೆಚ್ಚು ಹೊತ್ತು ನಿಲ್ಲದೆ, ಬೀದಿಯವರನ್ನೆಲ್ಲ ಕರೆದು ಉಪಚರಿಸಬಹುದಾದ ಹಬ್ಬ ಇದು. ಇದಕ್ಕೆ ಹೋಳಿಗೆ, ಆಂಬೊಡೆ, ಎರಡು ಪಲ್ಯ, ಚಿತ್ರಾನ್ನ, ಸಂಜೆಗೆ ಬಿಸಿಬೇಳೆಭಾತು ಸೇರಿಸಿದವರು ನಾವು. ಶಾಸ್ತ್ರ ಕೇಳಲಿಲ್ಲ, ರಾಮ ಕೇಳಲಿಲ್ಲ. ಕಳೆದ ವರ್ಷ ಯಾರದೋ ಮನೆಯಲ್ಲಿ ಎರಡು ಸಿಹಿ ಮಾಡಿದ್ದರು, ಅಷ್ಟೇ ಕಾರಣ.

ಇದಕ್ಕೆ ಬರುವ ಸಮಾಧಾನಗಳು ನನಗೆ ಗೊತ್ತು. ಕೆಲವನ್ನು ನಾನೇ ಹೇಳಿದ್ದೇನೆ. ಆಕೆಗೆ ಅದರಲ್ಲೇ ಸಂತೋಷ ಎನ್ನುವುದು ಮೊದಲನೆಯದು. ಸಂತೋಷ ಇಲ್ಲವೆಂದು ನಾನು ಹೇಳಲಾರೆ. ನಾಲ್ಕು ಜನ ಬಂದುಹೋಗುವ ಮನೆಯಾಗಿರಬೇಕು ಎಂದು ಆಕೆಯೇ ಎಷ್ಟೋ ಸಲ ಅಂದದ್ದುಂಟು, ಈ ಲೇಖನವನ್ನು ಕಂಡು “ಮನೆಯ ಮಾತು ಪತ್ರಿಕೆಗೇಕೆ?” ಎಂದು ಗದರಿದವಳೂ ಆಕೆಯೇ. ಆದರೆ ಬಡಿಸುವುದರಲ್ಲಿ ಸಂತೋಷವಿದ್ದವಳಿಗೆ ಕಾಂಭೋಜಿಯಲ್ಲಿ ಸಂತೋಷವಿಲ್ಲವೆಂದು ಯಾವ ತರ್ಕದಿಂದ ಸಿದ್ಧವಾಗುತ್ತದೆ? ಅಡಿಗೆಯವರನ್ನು ಕರೆಸಿ ಎಂಬುದು ಎರಡನೆಯದು. ಹಣವುಳ್ಳವರು ಕರೆಸುತ್ತಾರೆ. ಆಗ ಬೇರೊಬ್ಬ ಹೆಣ್ಣುಮಗಳು ಆ ಪಾತ್ರೆಗಳ ಮುಂದೆ ಕುಳಿತಿರುತ್ತಾಳೆ. ಅತಿಥಿಸತ್ಕಾರ ನಮ್ಮ ಧರ್ಮ ಎನ್ನುವವರಿಗೆ ನನ್ನ ಪ್ರಶ್ನೆ ಒಂದೇ: ಧರ್ಮ ‘ನಮ್ಮದು’ ಎಂದಮೇಲೆ ಸೌಟು ಒಬ್ಬಳದೇ ಏಕೆ?

ಮಿತ್ರರ ಮಾತಿನಲ್ಲಿ ಎರಡನೆಯ ಅಪಚಾರವೊಂದಿದೆ. ಕನ್ನಡ ಮೇಷ್ಟರಾಗಿ ಅದನ್ನು ಬಿಡಲಾರೆ. ದೇವರನಾಮವೆಂದರೆ ಅರಿವಿಲ್ಲದವರ ಪಾಲು ಎಂಬ ತಿರಸ್ಕಾರ ಅದು. ಪುರಂದರದಾಸರನ್ನು ಕರ್ನಾಟಕ ಸಂಗೀತದ ಪಿತಾಮಹ ಎಂದು ಭಾಷಣದಲ್ಲಿ ಕರೆಯುತ್ತೇವೆ. ಕಚೇರಿಯಲ್ಲಿ ಅವರ ಪದಗಳನ್ನು ಕೊನೆಯ ಅರ್ಧ ಗಂಟೆಗೆ ತಳ್ಳಿ, ‘ತುಕಡ’ ಎಂದು ಹೆಸರಿಟ್ಟು, ಬಸ್ಸು ಹಿಡಿಯಲು ಏಳುತ್ತೇವೆ. ಆ ದಾಸರ ಕಥೆಯನ್ನೇ ನೋಡಿ. ಬೇಡಿ ಬಂದವನಿಗೆ ಮೂಗುತಿ ಬಿಚ್ಚಿಕೊಟ್ಟವಳು ಹೆಂಡತಿ. ಆಕೆಯ ಹೆಸರೇನೆಂದು ನನ್ನ ತರಗತಿಯಲ್ಲಿ ಕೇಳಿದರೆ ನಾಲ್ಕು ಕೈಯೂ ಏಳುವುದಿಲ್ಲ.

ಚಾಮರಾಜಪೇಟೆಯಲ್ಲಿ ಶ್ರೀ ರಾಮಸೇವಾ ಮಂಡಲಿ ಹುಟ್ಟಿದ್ದು 1939ರಲ್ಲಿ. ಕೋಟೆ ಹೈಸ್ಕೂಲಿನ ಮೈದಾನದ ಚಪ್ಪರದಲ್ಲಿ ಎಂ. ಎಸ್. ಸುಬ್ಬುಲಕ್ಷ್ಮಿಯವರು ಹಾಡಿದ್ದನ್ನು ಹಳಬರು ಇಂದಿಗೂ ಹೇಳುತ್ತಾರೆ. ಮದರಾಸಿನ ಸಂಗೀತ ಅಕಾಡೆಮಿ ಸಂಗೀತ ಕಲಾನಿಧಿ ಬಿರುದನ್ನು ಒಬ್ಬ ಹೆಂಗಸಿಗೆ ಮೊದಲು ಕೊಟ್ಟದ್ದು 1968ರಲ್ಲಿ, ಅವರಿಗೇ. ವೇದಿಕೆಯ ಮೇಲೆ ಕೂರಲು ಹೆಣ್ಣು ಅಷ್ಟು ಹೆಣಗಬೇಕಾಯಿತು, ಕುಳಿತಳು. ನಮ್ಮ ಬಡಾವಣೆಯ ಚಪ್ಪರದಲ್ಲಿ ಆ ಭಾನುವಾರ ಕಾಂಭೋಜಿ ಹಾಡಿದವರೂ ಒಬ್ಬ ಹೆಣ್ಣುಮಗಳೇ. ಎದುರಿಗೆ, ಮುಂದಿನ ಮೂರು ಸಾಲುಗಳಲ್ಲಿ, ಜರಿಯ ಅಂಚಿನ ಪಂಚೆಗಳು.

ಬರುವ ರಾಮನವಮಿಗೂ ನಮ್ಮ ಮನೆಗೆ ಎಲ್ಲರಿಗೂ ಆಹ್ವಾನವಿದೆ. ಪಾನಕ, ಮಜ್ಜಿಗೆ, ಕೋಸಂಬರಿ, ಬಾಳೆಹಣ್ಣು. ಬೇರೆ ಏನೂ ಇರುವುದಿಲ್ಲ. ಬೇಳೆ ನೆನೆಹಾಕುವುದೂ ಬೆಲ್ಲ ಕುಟ್ಟುವುದೂ ನನ್ನ ಪಾಲಿಗೆ ಬಂದಿದೆ, ಆದ್ದರಿಂದ ರುಚಿಯ ವಿಷಯದಲ್ಲಿ ಭರವಸೆ ಕೊಡಲಾರೆ. ಸಂಜೆ ಐದೂವರೆಗೆ ಬಾಗಿಲಿಗೆ ಬೀಗ ಬೀಳುತ್ತದೆ. ಆಮೇಲೆ ಬಂದವರಿಗಾಗಿ ಜಗಲಿಯ ಮೇಲೆ ಕೊಳಗವೂ ಲೋಟಗಳೂ ಇರುತ್ತವೆ. ಕುಡಿದಾದ ಮೇಲೆ ನಲ್ಲಿಯ ಕೆಳಗೆ ತೊಳೆದು ಬೋರಲು ಹಾಕಿ ಹೋಗಬೇಕು. ಎಲೆಯಡಿಕೆಯ ಮಿತ್ರರೂ ಸೇರಿದಂತೆ.