ಅಳಿಸುವ ಆಜ್ಞೆಗೆ ಕೈಪಿಡಿಯ ಕಾವಲು

ಕಾಮಗಾರಿಯ ಅಳತೆ ಪುಸ್ತಕದಲ್ಲಿ, ಕಛೇರಿಯ ರೂಢಿಯಲ್ಲಿ ‘ಎಂ.ಬಿ.’ ಎನಿಸಿಕೊಳ್ಳುವ ಆ ದಫ್ತರದಲ್ಲಿ, ಒಮ್ಮೆ ಬರೆದ ಅಂಕಿಯನ್ನು ಉಜ್ಜಿ ಅಳಿಸಕೂಡದೆಂಬುದು ಲೋಕೋಪಯೋಗಿ ಇಲಾಖೆಯ ಹಳೆಯ ಕಟ್ಟಳೆ. ತಪ್ಪು ಘಟಿಸಿದ್ದರೆ, ಅದನ್ನು ಓದಲು ಬರುವಂತೆಯೇ ಗೀಟು ಹೊಡೆದು, ಸರಿಯಾದುದನ್ನು ಪಕ್ಕದಲ್ಲಿ ಬರೆದು, ದಿನಾಂಕಸಹಿತವಾಗಿ ಕಿರುಸಹಿ ಮಾಡತಕ್ಕದ್ದು. ಪುಟಗಳಿಗೆ ಮೊದಲೇ ಅನುಕ್ರಮಾಂಕ ಬಿದ್ದಿರುವುದರಿಂದ ಒಂದು ಹಾಳೆಯನ್ನೂ ಕೀಳುವಂತಿಲ್ಲ. ತಿಕೋಟಾ ತಾಲ್ಲೂಕಿನ ಗಡಿಗ್ರಾಮವಾದ ಕನಮಡಿಯ ರಸ್ತೆಯಾಗಲಿ, ಕೃಷ್ಣೆಯ ಜಲವನ್ನೆತ್ತಿ ಈ ಬರಪೀಡಿತ ಸೀಮೆಗೆ ಹರಿಸುವ ತುಬಚಿ-ಬಬಲೇಶ್ವರ ಏತ ನೀರಾವರಿಯ ಕಾಲುವೆಯಾಗಲಿ, ಎಷ್ಟು ಮಣ್ಣು ತೋಡಲಾಯಿತು, ಎಷ್ಟು ಕಾಂಕ್ರೀಟು ಬಿದ್ದಿತು ಎಂಬ ಪ್ರಶ್ನೆ ಹುಟ್ಟಿದಾಗ, ಹೂತುಹೋದ ಕೆಲಸವನ್ನು ಅಗೆದು ನೋಡುವುದು ಅಶಕ್ಯವಾದ ಕಾರಣ, ಗುತ್ತಿಗೆದಾರನ ಬಿಲ್ಲಿಗೂ ಲೆಕ್ಕ ಪರಿಶೋಧಕರ ಆಕ್ಷೇಪಣೆಗೂ ನ್ಯಾಯಾಲಯದ ವ್ಯಾಜ್ಯಕ್ಕೂ ಆ ಬರಹವೇ ಮುಖ್ಯ ಆಧಾರ.

ಈಗ ನಿರ್ಮಾಣ ಗುತ್ತಿಗೆಯ ಕಾಗದಪತ್ರಗಳು, ಅಂದರೆ ಕರಾರು, ಅದರ ಬಾಬುಗಳು, ಹೆಚ್ಚುವರಿ ಕೆಲಸದ ಆದೇಶ, ಚಾಲ್ತಿ ಬಿಲ್ಲು, ತಡೆಹಿಡಿದ ಠೇವಣಿ, ಇವೆಲ್ಲವೂ ತಂತ್ರಾಂಶದೊಳಗೆ ಸೇರುತ್ತಿವೆ. ಒಂದು ತಂತ್ರಾಂಶವು ಮತ್ತೊಂದಕ್ಕೆ ಕೆಲಸ ಹೇಳುವ ದ್ವಾರಕ್ಕೆ ಎಪಿಐ ಎಂದು ಹೆಸರು. ಆ ದ್ವಾರದಿಂದ ಹೋಗುವ ಆಜ್ಞೆಗಳಲ್ಲಿ ಓದುವುದು, ಬರೆಯುವುದು, ತಿದ್ದುವುದು ಇರುವಂತೆ ‘ಡಿಲೀಟ್’ ಕೂಡ ಇದೆ. ಕರಾರಿನ ಸಂಖ್ಯೆಯೊಂದನ್ನು ಕೊಟ್ಟರೆ ಸಾಕು. ಕೆಲಸ ಮುಗಿದು, ಒಳಗೆ ಏನೂ ಇಲ್ಲದ 204 ಎಂಬ ಉತ್ತರ ಬರುತ್ತದೆ. ಇಂತಹ ಆಜ್ಞೆಗೆ ಬರೆದ ಕೈಪಿಡಿಯ ವಿವರಣೆ ಬಹುಮಟ್ಟಿಗೆ ಒಂದೇ ವಾಕ್ಯ: ‘ನಿರ್ದಿಷ್ಟ ಕರಾರನ್ನು ಅಳಿಸುತ್ತದೆ.’ ಈ ಅಲ್ಪೋಕ್ತಿಯನ್ನು ನಾನು ಅಪಾಯಕರವೆಂದು ಎಣಿಸುತ್ತೇನೆ.

ಕಾರಣವು ಆಜ್ಞೆಯ ಸ್ವರೂಪದಲ್ಲಿಯೇ ಇದೆ. ಅಂತರ್ಜಾಲದ ವ್ಯವಹಾರಕ್ಕೆ 2022ರಲ್ಲಿ ಪ್ರಕಟವಾದ ಆರ್‌ಎಫ್‌ಸಿ 9110 ಎಂಬ ನಿಯಮಾವಳಿಯ ಪ್ರಕಾರ, ಡಿಲೀಟ್ ಎಂಬುದು ವಿಳಾಸಕ್ಕೂ ಅಲ್ಲಿನ ವಸ್ತುವಿಗೂ ಇರುವ ಸಂಬಂಧವನ್ನು ಕಡಿಯಬೇಕೆಂಬ ಕೋರಿಕೆಯಷ್ಟೇ. ಒಳಗಿನ ದತ್ತಾಂಶ ನಿಜವಾಗಿ ನಾಶವಾಗುವುದೋ ಉಳಿಯುವುದೋ ಎಂಬುದು ಆಯಾ ಸರ್ವರಿನ ಚಿತ್ತ. ಆದಕಾರಣ ಕರಾರಿನೊಡನೆ ಅದರಡಿಯ ಬಿಲ್ಲುಗಳೂ ಹೋಗುವವೇ, ಮಂಜೂರಾದ ಕರಾರಿಗೆ ಆಜ್ಞೆ ನಿರಾಕೃತವಾಗುವುದೇ, ಅಳಿದುದನ್ನು ಯಾರು, ಎಷ್ಟು ದಿನದೊಳಗೆ ಮರಳಿ ತರಬಹುದು ಎಂಬುದನ್ನು ಕೈಪಿಡಿ ಹೇಳದಿದ್ದರೆ ಮತ್ತಾವುದೂ ಹೇಳದು. ನಮ್ಮ ನಾಡಿನ ದಾನಶಾಸನಗಳನ್ನು ಬರೆದವರು, ದತ್ತಿಯನ್ನು ದಾಖಲಿಸುವಾಗಲೇ ಮುಂದೆ ಅದನ್ನು ಅಳಿಯಬಹುದಾದವನನ್ನೂ ಮನಸ್ಸಿನಲ್ಲಿಟ್ಟುಕೊಂಡು, ಅವನಿಗೊದಗುವ ಫಲವನ್ನು ಶಾಪಾಶಯದಲ್ಲಿ ಸ್ಪಷ್ಟವಾಗಿ ಕೆತ್ತಿಸುತ್ತಿದ್ದರು. ಆ ದೂರದೃಷ್ಟಿ ಇಲ್ಲಿಯೂ ಅವಶ್ಯ.

ಮೇಲಾಗಿ, ಕೈಪಿಡಿಯ ಓದುಗ ಇಂದು ಮನುಷ್ಯನೇ ಆಗಿರಬೇಕಿಲ್ಲ. 2024ರ ನವೆಂಬರಿನಲ್ಲಿ ಪ್ರಕಟವಾದ ‘ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್’ ಎಂಬ ಏರ್ಪಾಡಿನ ಮೂಲಕ ಕೃತಕ ಬುದ್ಧಿಮತ್ತೆಯೇ ಇಂತಹ ಆಜ್ಞೆಗಳನ್ನು ಸಾಧನಗಳಾಗಿ ಆರಿಸಿ ಪ್ರಯೋಗಿಸುತ್ತದೆ. ಸಾಧನವು ವಿನಾಶಕವೆಂದು ಸೂಚಿಸುವ ಗುರುತೊಂದು ಆ ಏರ್ಪಾಡಿನಲ್ಲುಂಟು. ದತ್ತಾಂಶವನ್ನು ಬದಲಿಸುವ ಸಾಧನಕ್ಕೆ ಏನನ್ನೂ ಸೂಚಿಸದಿದ್ದರೆ ವಿನಾಶಕವೆಂದೇ ಭಾವಿಸತಕ್ಕದ್ದೆಂಬ ಅದರ ಕ್ರಮ ವಿವೇಕಯುಕ್ತವಾದುದು. ಆದರೆ ‘ಎರಡೆರಡು ಸಲ ಬಂದ ಕರಾರುಗಳನ್ನು ತೆಗೆದುಹಾಕು’ ಎಂದು ಹೇಳಿಸಿಕೊಂಡ ಯಂತ್ರಕ್ಕೆ, ಆ ಕರಾರಿನ ಹಿಂದೆ ಹಣ ಬಾರದೆ ಕಾದಿರುವ ಉಪಗುತ್ತಿಗೆದಾರನೂ ಅವನ ಕೂಲಿಯಾಳುಗಳೂ ಇರುವರೆಂಬುದು ತಾನಾಗಿ ಹೊಳೆಯದು. 2025ರ ಜುಲೈನಲ್ಲಿ ಅಮೆರಿಕದ ರೆಪ್ಲಿಟ್ ಸಂಸ್ಥೆಯ ಕೃತಕ ಬುದ್ಧಿಮತ್ತೆಯ ಸಹಾಯಕವೊಂದು, ಯಾವ ಬದಲಾವಣೆಯನ್ನೂ ಮಾಡಕೂಡದೆಂಬ ನಿರ್ಬಂಧವಿದ್ದಾಗಲೂ ಬಳಕೆದಾರರೊಬ್ಬರ ದತ್ತಾಂಶವನ್ನು ಅಳಿಸಿತು. ಮರಳಿ ಪಡೆಯಲಾಗದೆಂದು ತಾನೇ ಹೇಳಿತು. ಆ ಮಾತೂ ಸುಳ್ಳಾಗಿ, ದತ್ತಾಂಶ ಮರಳಿ ದೊರಕಿತು. ಮಾತಿನ ಎಚ್ಚರಿಕೆಯೊಂದೇ ಸಾಲದೆಂಬುದಕ್ಕೆ ಇದು ನಿದರ್ಶನ. ಆದುದರಿಂದ ಅಳಿಸುವ ಮುನ್ನ ಮನುಷ್ಯನ ಒಪ್ಪಿಗೆಯನ್ನು ತಂತ್ರಾಂಶವೇ ಬೇಡುವಂತಿರಬೇಕು, ಮತ್ತು ಆ ಒಪ್ಪಿಗೆ ಯಾರದೆಂಬುದನ್ನು ಕೈಪಿಡಿ ಹೇಳಬೇಕು.

ಕಂಪನಿಗಳ ಲೆಕ್ಕದ ತಂತ್ರಾಂಶದಲ್ಲಿ ಪ್ರತಿಯೊಂದು ತಿದ್ದುಪಡಿಯ ಜಾಡು ಉಳಿಯಬೇಕು, ಅದನ್ನು ನಿಷ್ಕ್ರಿಯಗೊಳಿಸಲಾಗದಿರಬೇಕು ಎಂಬ ಕೇಂದ್ರ ಸರ್ಕಾರದ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಸಾರ್ವಜನಿಕ ಕಾಮಗಾರಿಯ ಗುತ್ತಿಗೆಗೂ ಇದೇ ನ್ಯಾಯ ಸಲ್ಲಬೇಕು. ಕರ್ನಾಟಕದಲ್ಲಿ 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮವು ಟೆಂಡರನ್ನು ಬೆಳಕಿಗೆ ತಂದಿತು. ಟೆಂಡರಿನ ಅನಂತರದ ಕರಾರು ಕತ್ತಲಲ್ಲಿ ಮಾಯವಾಗುವ ಅವಕಾಶವಿದ್ದರೆ ಆ ಬೆಳಕು ಅರ್ಧದಾರಿಯದಾಗುತ್ತದೆ. ಒಂದು ಬಿಲ್ಲಾದರೂ ಏರಿದ ಕರಾರನ್ನು ರದ್ದು ಮಾಡಬಹುದೇ ಹೊರತು ಅಳಿಸಲಾಗದಂತಿರುವುದು ಯುಕ್ತ. ಅಳಿಸುವ ಆಜ್ಞೆ ಉಳಿಯುವುದೇ ಆದರೆ, ವಿವರಣೆಯ ಮೊದಲ ಸಾಲು ಹೀಗಿರಲಿ: ‘ಇದು ಕರಾರನ್ನೂ ಅದರ ಬಾಬುಗಳನ್ನೂ ಶಾಶ್ವತವಾಗಿ ತೆಗೆಯುತ್ತದೆ, ಮಂಜೂರಾದ ಕರಾರಿಗೆ ಅನ್ವಯಿಸದು, ಅಧಿಕಾರವುಳ್ಳ ಅಧಿಕಾರಿಯ ಲಿಖಿತ ಸಮ್ಮತಿಯಿಲ್ಲದೆ ಬಳಸಕೂಡದು.’ ಇದೇ ಸಾಲು ಕನ್ನಡದಲ್ಲಿಯೂ ಇರಬೇಕೆಂಬ ಷರತ್ತನ್ನು, ತಂತ್ರಾಂಶ ಕೊಳ್ಳುವ ನಿಗಮಗಳು ತಮ್ಮ ಟೆಂಡರಿನಲ್ಲಿಯೇ ಸೇರಿಸಲು ಯಾವ ಅಡ್ಡಿಯೂ ಇಲ್ಲ.